ಮಿಂದು ಹೋದವರ ಕಾಯಿಲೆ

ಆಸ್ಪತ್ರೆಗೆ ಹೋಗುವ ದಿನ ನಮ್ಮ ಮನೆಯ ಬಚ್ಚಲ ಒಲೆಗೆ ಎರಡು ಕೊಳ್ಳಿ ಹೆಚ್ಚು ಬೀಳುತ್ತಿತ್ತು. ಹಂಡೆ ತುಂಬ ನೀರು, ಅದೂ ಕೈ ಇಟ್ಟರೆ ಚುರ್ರೆನ್ನುವಷ್ಟು ಬಿಸಿ. ತಲೆಗೆ, ಮೈಗೆ, ಉಗುರಿನ ಸಂದಿಗೆ ಸಾಬೂನು. ಆಮೇಲೆ ಲಿಂಬೆ ಹೋಳು ಹಿಡಿದು ಅಂಗೈಯನ್ನೂ ಒಂದೊಂದು ಬೆರಳನ್ನೂ ತಿಕ್ಕಬೇಕು. ಮತ್ತೆ ಬಿಸಿನೀರು. ಮದುವೆ ಮನೆಗೆ ಉಡುವ ಸೀರೆಯಲ್ಲದಿದ್ದರೂ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಮುಡಿಗೆ ಒಂದು ತುಂಡು ಮಲ್ಲಿಗೆ. ಇಷ್ಟೆಲ್ಲ ಆದ ಮೇಲೆ ಅತ್ತೆ ಹತ್ತಿರ ಬಂದು ನನ್ನ ಕೈ ಎತ್ತಿ ಮೂಸಿ ನೋಡುತ್ತಿದ್ದರು. ಮೀನಿನ ವಾಸನೆ ಹೋಗಿದೆ ಎಂದು ಅವರಿಗೆ ಖಾತ್ರಿಯಾದರೆ ಮಾತ್ರ ನಾನು ಡಾಕ್ಟರ ಎದುರು ಕೂರಲು ಲಾಯಕ್ಕಾದೆ ಎಂದು ಲೆಕ್ಕ.

ತೊಂಬತ್ತೇಳರಲ್ಲಿ ನಾನು ಬೈಂದೂರು ಕಡೆಯಿಂದ ಕುಂದಾಪುರದ ಕಡಲ ಬದಿಯ ಈ ಮನೆಗೆ ಮದುವೆಯಾಗಿ ಬಂದೆ. ಗಂಡ ಬೋಟಿಗೆ ಹೋಗುವವರು. ಅತ್ತೆಯದು ಮೀನು ವ್ಯಾಪಾರ; ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಟೆಂಪೋ ಹತ್ತಿಸಿ, ಹಾಲಾಡಿ ಪೇಟೆಯ ನಾಲ್ಕು ದಾರಿ ಕೂಡುವಲ್ಲಿ ಕೂತು ಮಾರುವುದು. ನಾನು ಪಿಯುಸಿ ಪಾಸು ಮಾಡಿದ್ದೆ, ಓದುವ ಹುಚ್ಚು ಇತ್ತು, ಮೀನು ಮಾರುವ ಮನಸ್ಸೇನೂ ಇರಲಿಲ್ಲ. ಆದರೆ ಎರಡನೇ ವರ್ಷಕ್ಕೆ ಅತ್ತೆಯ ಸೊಂಟ ಕೈ ಕೊಟ್ಟಿತು, ನಾನೂ ಅವರ ಜೊತೆ ಹೊರಟೆ. ಹೊರಟ ಮೇಲೆ ಆ ಕೆಲಸ ನನಗೆ ಹಿಡಿಸಿಬಿಟ್ಟಿತು. ಚೌಕಾಸಿ ಮಾಡುವುದು, ಬೈಸಿಕೊಳ್ಳುವುದು, ತಿರುಗಿ ಬೈಯುವುದು, ಶಂಕರನಾರಾಯಣದಿಂದ ಬಸ್ಸಿಳಿದು ನೇರ ನನ್ನ ಹತ್ತಿರವೇ ಬರುವ ಗಿರಾಕಿಗಳು, ಎಲ್ಲವೂ ಇಷ್ಟವಾಯಿತು. ನಾನು ಬಾಯಿ ಇರುವವಳು ಎಂದು ನನಗೆ ಗೊತ್ತಾದದ್ದೇ ಹಾಲಾಡಿಯಲ್ಲಿ.

ಅತ್ತೆಯ ಕಾಲದಲ್ಲಿ ಮೀನು ಬುಟ್ಟಿಯಲ್ಲಿ ಹೋಗುತ್ತಿತ್ತು, ಮೇಲೊಂದು ಹಸಿ ಗೋಣಿ, ಅಷ್ಟೇ. ನನ್ನ ಕಾಲಕ್ಕೆ ಥರ್ಮೋಕೋಲ್ ಡಬ್ಬಿ ಬಂತು, ಅದರ ತುಂಬ ಪುಡಿ ಮಾಡಿದ ಐಸು ಬಂತು. ಬಂಗುಡೆ ಎರಡು ಪದರ, ಐಸು ಒಂದು ಪದರ, ಮತ್ತೆ ಬಂಗುಡೆ. ಗಿರಾಕಿಗೆ ಮೇಲಿನ ಮೀನು ಯಾವತ್ತೂ ಬೇಡ, ಅಡಿಯದೇ ಬೇಕು. ಹಾಗಾಗಿ ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ನನ್ನ ಎರಡೂ ಕೈ ಐಸಿನೊಳಗೇ.

ಬೆರಳು ಸಾಯಲು ಶುರುವಾದದ್ದು ಮೂರನೇ ವರ್ಷದ ಚಳಿಗಾಲದಲ್ಲಿ. ಸಾಯುವುದು ಎಂಬುದು ನಾನು ಇಟ್ಟ ಹೆಸರು. ಮೊದಲು ಬಲಗೈಯ ತೋರುಬೆರಳು, ಆಮೇಲೆ ಅದರ ಪಕ್ಕದ ಎರಡು, ತುದಿಯಿಂದ ಎರಡನೇ ಗೆಣ್ಣಿನವರೆಗೆ ಬೆಳ್ಳಗೆ, ಸಾಬೂನಿನಷ್ಟು ಬೆಳ್ಳಗೆ ಆಗುತ್ತಿದ್ದವು. ಅಲ್ಲಿಂದ ಈಚೆ ನನ್ನ ಬಣ್ಣ, ಆಚೆ ಬಿಳಿ, ನಡುವೆ ಗೆರೆ ಎಳೆದ ಹಾಗೆ. ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಒಂದು ಸಲ ಕಾಣೆ ಮೀನು ಕೊಯ್ಯುವಾಗ ಬೆರಳನ್ನೂ ಕೊಯ್ದುಕೊಂಡು, ಗಿರಾಕಿ ಕಿರುಚಿದ ಮೇಲೆ ನೋಡಿದೆ. ಅರ್ಧ ಗಂಟೆಯ ನಂತರ ಬೆರಳು ನೀಲಿಯಾಗಿ, ಮತ್ತೆ ಕೆಂಪಾಗಿ ಜೀವ ಬರುವಾಗಿನ ಉರಿಗೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

“ಎಂತ ಹೆಣೆ, ಕೈ ಕಟ್ಕಂಡ್ ಕೂಕಂಡದ್ದ್? ಗಿರಾಕಿ ಕಾಯ್ತಿತ್ತ್ ಕಾಣ್” ಎಂದು ಅತ್ತೆ ಗದರುತ್ತಿದ್ದರು. ನಾನು ಕಂಕುಳಲ್ಲಿ ಬೆರಳು ಸಿಕ್ಕಿಸಿಕೊಂಡು ಕೂತಿರುತ್ತಿದ್ದೆ. ತೋರಿಸಿದರೆ, “ಐಸ್ ಮುಟ್ರೆ ಕೈ ತಣ್ಣಗಾತ್ತಿಲ್ಯಾ? ನಮ್ ಕಾಲ್ದಗೆ ಐಸ್ ಎಲ್ಲಿದ್ದಿತ್? ಬೆರಳ್ ಸಾಯ್ತ್ ಅಂಬ್ದ್ ನಾ ಕೇಂಡದ್ದೇ ಇಲ್ಲೆ” ಎನ್ನುತ್ತಿದ್ದರು. ಅವರ ಮಾತಿನಲ್ಲಿ ಕೆಟ್ಟದ್ದು ಇರಲಿಲ್ಲ. ಪಿಯುಸಿ ಓದಿದ ಸೊಸೆಗೆ ಮೀನಿನ ಕೆಲಸ ಬೇಡವಾಗಿದೆ, ಅದಕ್ಕೊಂದು ನೆವ ಬೇಕಾಗಿದೆ ಎಂದು ಅವರು ನಂಬಿದ್ದರು. ನನಗೆ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ. ಈ ಕೆಲಸ ಬಿಡಬಾರದು ಎಂದೇ ನಾನು ಬೆರಳಿನ ಚಿಂತೆ ಮಾಡುತ್ತಿದ್ದೆ. ಬೆರಳು ಹೋದರೆ ಮೀನು ಕೊಯ್ಯುವುದು ಹೇಗೆ, ತಕ್ಕಡಿ ಹಿಡಿಯುವುದು ಹೇಗೆ?

ಡಾಕ್ಟರಿಗೆ ತೋರಿಸೋಣ ಎಂದರೆ ಮನೆಯಲ್ಲಿ ಒಂದೇ ಉತ್ತರ: “ಕಡಲ್ ಕಟ್ಟಿದ್ ಮೇಲೆ ಹೋಪ.” ಮಳೆಗಾಲ ಶುರುವಾಗಿ ಬೋಟುಗಳನ್ನು ಮೇಲೆ ಎಳೆದು ಹಾಕಿದ ಮೇಲೆ ನಮ್ಮ ಕಡೆ ಜನರಿಗೆ ಬಿಡುವು. ಮನೆ ಸೋರುವುದನ್ನು ನೋಡುವುದು, ನೆಂಟರ ಮನೆಗೆ ಹೋಗುವುದು, ಹಲ್ಲು ಕೀಳಿಸುವುದು, ವರ್ಷವಿಡೀ ಕಟ್ಟಿಟ್ಟ ಕಾಯಿಲೆಗಳನ್ನೆಲ್ಲ ತೋರಿಸುವುದು, ಎಲ್ಲ ಆ ಎರಡು ತಿಂಗಳಲ್ಲೇ. ಮೀನು ಬರುವ ದಿನಗಳಲ್ಲಿ ಕಾಯಿಲೆ ಬೀಳಲು ನಮ್ಮಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬಿದ್ದರೂ ಅದು ಮಳೆಗಾಲದವರೆಗೆ ಕಾಯಬೇಕು.

ಹಾಗೆ ಮೊದಲ ಸಲ ಹೋದದ್ದು ಜೂನ್ ತಿಂಗಳಲ್ಲಿ, ಕುಂದಾಪುರದ ಒಬ್ಬ ಡಾಕ್ಟರ ಹತ್ತಿರ. ಹೇಗೆ ಹೋದೆ ಎಂದು ಹೇಳಿದೆನಲ್ಲ: ಬಿಸಿನೀರು, ಲಿಂಬೆ, ಮಲ್ಲಿಗೆ. ಡಾಕ್ಟರು ಬೆರಳು ಹಿಡಿದು ಒತ್ತಿ ನೋಡಿದರು. ಬೆರಳು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. “ಒಳ್ಳೆ ಕೈ ಉಂಟಲ್ಲಮ್ಮ. ಎಲ್ಲಿ ಬಿಳಿ ಆಗೋದು?” ಎಂದರು. ಈಗ ಇಲ್ಲ, ಆಗ ಆಗುತ್ತದೆ ಎಂದೆ. “ಆಗ ಅಂದರೆ ಯಾವಾಗ?” ಐಸು ಮುಟ್ಟಿದಾಗ ಎಂದೆ. “ಐಸು ಮುಟ್ಟಿದರೆ ಎಲ್ಲರಿಗೂ ತಣ್ಣಗಾಗ್ತದೆ” ಎಂದು ಅತ್ತೆಯ ಮಾತನ್ನೇ ಹೇಳಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಕ್ತದಲ್ಲಿ ಎಂತದೂ ಸಿಗಲಿಲ್ಲ. ನಾರ್ಮಲ್ ಎಂದು ಬರೆದ ಮೊದಲ ಕಾಗದ ಅದು.

ಅಲ್ಲಿಂದ ಮುಂದೆ ನನಗೆ ಆ ಶಬ್ದ ಕಂಡರಾಗುತ್ತಿರಲಿಲ್ಲ. ಮರು ವರ್ಷ ಸಕ್ಕರೆ ಕಾಯಿಲೆಗೆ ನೋಡಿದರು, ನಾರ್ಮಲ್. ಥೈರಾಯ್ಡ್ ನೋಡಿದರು, ನಾರ್ಮಲ್. ಕುತ್ತಿಗೆಯ ಎಕ್ಸ್‌ರೇ ತೆಗೆಸಿದರು. ಬೆರಳಿಗೂ ಕುತ್ತಿಗೆಗೂ ಎಂತ ಸಂಬಂಧ ಎಂದು ಕೇಳಿದ್ದಕ್ಕೆ ಅಲ್ಲಿಂದಲೇ ನರ ಬರುವುದು ಎಂದರು, ಸರಿ, ಆ ಕುತ್ತಿಗೆಯೂ ನಾರ್ಮಲ್. ಇನ್ನೊಬ್ಬರು ಕೈಗೆ ವಯರು ಅಂಟಿಸಿ ಕರೆಂಟು ಕೊಟ್ಟು ನರ ಪರೀಕ್ಷೆ ಮಾಡಿಸಿದರು. ಹುಣಸೆ ಬರಲಿನಲ್ಲಿ ಹೊಡೆದಂತೆ ನೋವಾಯಿತು, ಫಲಿತಾಂಶ ಮಾತ್ರ ನಾರ್ಮಲ್. ಮಕ್ಕಳಾಗುವ ಮೊದಲು, “ಮಕ್ಕಳಾದರೆ ಸರಿ ಹೋಗ್ತದೆ” ಎಂದರು. ಮಗಳು ಹುಟ್ಟಿದ ಮೇಲೆ, “ಬಾಣಂತನದಲ್ಲಿ ಶೀತ ಹಿಡಿದಿರಬೇಕು” ಎಂದರು. ಒಬ್ಬರಂತೂ ನನ್ನ ಕಡೆ ನೋಡದೆ ಅತ್ತೆಯನ್ನು ಕೇಳಿದರು, “ಮನೆಯಲ್ಲಿ ಏನಾದರೂ ಟೆನ್ಷನ್ ಉಂಟಾ?” ಅತ್ತೆಯ ಮುಖ ಕೆಂಪಾಯಿತು. ಮನೆಗೆ ಬಂದು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಟೆನ್ಷನ್ ಇರಲಿಲ್ಲ, ಆವತ್ತಿನಿಂದ ಶುರುವಾಯಿತು.

ಊರಿನವರೂ ಸುಮ್ಮನಿರಲಿಲ್ಲ. ದರ್ಶನದ ದಿನ ಕೇಳಿ ನೋಡಿ ಎಂದರು. ಕೇಳಿದೆವು. ಪಾತ್ರಿ ದೈವ ಮೈಮೇಲೆ ಬಂದಾಗಲೂ, ಬೆಳಿಗ್ಗೆಯಾ ಸಂಜೆಯಾ, ಯಾವ ಕೈ, ಯಾವ ಬೆರಳು, ಎಷ್ಟು ಹೊತ್ತು ಎಂದು ಕೇಳಿದ. ಅಷ್ಟು ಪ್ರಶ್ನೆಯನ್ನು ಯಾವ ಡಾಕ್ಟರೂ ಕೇಳಿರಲಿಲ್ಲ. ನಾಗನಿಗೆ ಹಾಲು, ಎಳನೀರಿನ ತನು ಹೊಯ್ಯಿಸಿದೆವು. ಬೆರಳು ತನ್ನ ಪಾಡಿಗೆ ತಾನು ಸಾಯುತ್ತಲೇ ಇತ್ತು.

ಗಂಡ ಒಳ್ಳೆಯವರು. ಆದರೆ ಅವರಿಗೆ ಕಾಗದದ ಮೇಲೆ ಬಹಳ ನಂಬಿಕೆ. ಬೋಟಿನ ಲೈಸೆನ್ಸು, ಇನ್ಶೂರೆನ್ಸು, ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡುವವರು. ನನ್ನ ರಿಪೋರ್ಟುಗಳನ್ನೂ ಹಾಗೇ ಒಂದು ಫೈಲಿನಲ್ಲಿ ಸೇರಿಸಿಟ್ಟಿದ್ದರು. “ಇಷ್ಟ್ ರಿಪೋರ್ಟಂಗೂ ಎಂತದೂ ಇಲ್ಲೆ ಅಂಬ್ರಲೆ. ನಿಂಗೇ ಹಂಗ್ ಕಾಂಬುದ್ ಏನೋ” ಎಂದರು ಒಂದು ದಿನ, ಬಹಳ ಮೆತ್ತಗೆ, ನನಗೆ ಬೇಜಾರಾಗಬಾರದು ಎಂದು. ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು. ಆವತ್ತು ನಾನೂ ಒಂದು ಕ್ಷಣ ಹೌದೇನೋ ಎಂದುಕೊಂಡೆ. ನನ್ನ ಬೆರಳಿನ ಬಗ್ಗೆ ನನಗೇ ಸಂಶಯ ಬಂದ ಆ ಕ್ಷಣವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೆರಳು ಸಾಯತೊಡಗಿದ ಎಂಟನೇ ವರ್ಷ ತೋರುಬೆರಳ ತುದಿಯಲ್ಲಿ ಹುಣ್ಣಾಯಿತು. ಮೀನಿನ ಮುಳ್ಳು ತಾಗಿರಬೇಕು ಎಂದು ಅರಸಿನ ಹಚ್ಚಿದೆ. ಗುಣವಾಗಲಿಲ್ಲ. ಚಳಿಗಾಲವಿಡೀ ಅದು ಒಣಗುವುದು, ಒಡೆಯುವುದು, ತುದಿಯಲ್ಲಿ ಒಂದು ಕರಿ ಚುಕ್ಕೆ ಕೂರುವುದು. ಮಳೆಗಾಲ ಬಂದು ಐಸಿನ ಕೆಲಸ ನಿಂತ ಮೇಲೆ ತಾನಾಗಿ ಮಾಗಿತು. ಡಾಕ್ಟರ ಹತ್ತಿರ ಹೋಗುವಾಗ ಉಳಿದದ್ದು ಒಂದು ಸಣ್ಣ ಗುಳಿ ಮಾತ್ರ. “ಗುಣ ಆಗಿದೆಯಲ್ಲ” ಎಂದು ಮುಲಾಮು ಬರೆದುಕೊಟ್ಟರು. ಮುಂದಿನ ಚಳಿಗಾಲಕ್ಕೆ ಹುಣ್ಣು ಮತ್ತೆ ಬಂತು, ಈ ಸಲ ಮೊದಲಿಗಿಂತ ದೊಡ್ಡದು, ಚುಕ್ಕೆ ಹೋಗಿ ತುದಿಯೇ ಕಪ್ಪಾಗತೊಡಗಿತು. ಬೆರಳು ಉಳಿಯುವುದಿಲ್ಲ ಎಂದು ನನಗೆ ಆಗ ಗಟ್ಟಿಯಾಗಿ ಅನ್ನಿಸಿತು. ಒಂದು ಬೆರಳಿಗೆ ನಿಲ್ಲುತ್ತದೆ ಎಂಬ ಭರವಸೆಯೂ ಇರಲಿಲ್ಲ.

ಫೋಟೋ ತೆಗೆಸಿ ಡಾಕ್ಟರಿಗೆ ತೋರಿಸೋಣ ಎಂದು ಹಾಲಾಡಿಯಲ್ಲೇ ಒಂದು ಸ್ಟುಡಿಯೋಗೆ ಓಡಿದೆ, ಬೆರಳು ಬಿಳಿಯಾದ ಕೂಡಲೇ, ತಕ್ಕಡಿ ಅತ್ತೆಯ ಕೈಗೆ ಕೊಟ್ಟು. ಸ್ಟುಡಿಯೋದವರು ಕೈಯ ಫೋಟೋ ಎಂತಕ್ಕೆ ಎಂದು ಐದು ನಿಮಿಷ ಕೇಳಿದರು. ಆಮೇಲೆ ಪರದೆ ಎಳೆದರು, ದೊಡ್ಡ ಲೈಟು ಹಚ್ಚಿದರು, ಕೈಯನ್ನು ಒಂದು ಸ್ಟೂಲಿನ ಮೇಲೆ ಚಂದ ಮಾಡಿ ಇಡಲು ಹೇಳಿದರು, ಬಳೆ ಸರಿ ಮಾಡಿದರು. ಅಷ್ಟರಲ್ಲಿ ಲೈಟಿನ ಶಾಖಕ್ಕೆ ಬೆರಳೆಲ್ಲ ಕೆಂಪಗಾಗಿ ಕೂತವು. ಫೋಟೋ ಬಹಳ ಚೆನ್ನಾಗಿ ಬಂತು. ಬಳೆ ಅಂಗಡಿಯಲ್ಲಿ ತೂಗು ಹಾಕಬಹುದಿತ್ತು.

ತಿಳಿದದ್ದು ಬಚ್ಚಲಲ್ಲಿ. ಜನವರಿ ತಿಂಗಳು, ಹಾಲಾಡಿಯಿಂದ ಬಂದಿದ್ದೆ. ಟೆಂಪೋದ ಹಿಂದೆ ಡಬ್ಬಿ ಹಿಡಿದುಕೊಂಡೇ ಕೂತದ್ದರಿಂದ ಮೂರು ಬೆರಳು ಇನ್ನೂ ಬೆಳ್ಳಗೇ ಇದ್ದವು. ಮೈ ತೊಳೆಯಲು ಹಂಡೆಗೆ ಚೊಂಬು ಅದ್ದಿ ಕೈ ಮೇಲೆ ಬಿಸಿನೀರು ಹೊಯ್ದುಕೊಂಡೆ. ನನ್ನ ಕಣ್ಣೆದುರಿಗೇ ಬಿಳಿ ಕರಗಿ ನೀಲಿ ಬಂತು, ಎರಡನೇ ಚೊಂಬಿಗೆ ನೀಲಿ ಹೋಗಿ ಕೆಂಪು ಬಂತು, ಮೂರನೇ ಚೊಂಬಿಗೆ ಎಲ್ಲರ ಕೈಯಂಥದೇ ಕೈ. ಅದನ್ನು ನಾನು ನೂರು ಸಲ ನೋಡಿದ್ದೆ. ಆವತ್ತು ಮಾತ್ರ ಚೊಂಬು ಕೈಯಲ್ಲೇ ಉಳಿಯಿತು. ಇಷ್ಟು ವರ್ಷವೂ ಡಾಕ್ಟರ ಹತ್ತಿರ ಹೋಗುವ ಮೊದಲು ಇದೇ ಬಚ್ಚಲಲ್ಲಿ ಕೂತು, ತೋರಿಸಬೇಕಾದದ್ದನ್ನು ನಾನೇ ತೊಳೆದು ಹಾಕಿದ್ದೆ. ಅದೂ ಐಸಿಲ್ಲದ ತಿಂಗಳು ಹುಡುಕಿಕೊಂಡು, ಲಿಂಬೆ ಹಾಕಿ ತಿಕ್ಕಿ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಚೊಂಬು ಎತ್ತಿ ಗೋಡೆಗೆ ಹೊಡೆದೆ. ಆ ತಗ್ಗು ಈಗಲೂ ಚೊಂಬಿನಲ್ಲಿ ಉಂಟು.

ಹೊರಗೆ ಬಂದು ಅತ್ತೆಗೆ ಹೇಳಿದೆ: ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇನೆ, ಬಂದರಿನಿಂದ ನೇರ ಹೋಗುತ್ತೇನೆ, ಮೀಯುವುದಿಲ್ಲ, ಐಸಿನ ಡಬ್ಬಿ ಜೊತೆಗೇ ಒಯ್ಯುತ್ತೇನೆ.

ಅತ್ತೆ ಕೂಗಾಡಿದರು. “ಮೀನ್ ವಾಸ್ನಿ ಹೊತ್ಕಂಡ್ ಡಾಕ್ಟ್ರ ಹತ್ರ ಹೋಪುಕಾತ್ತಾ? ನಿಂಗೆ ಮರ್ಯಾದಿ ಇಲ್ದಿರೆ ನಮ್ಗಿತ್ತ್!” ಎಂದರು. ನಾನೂ ಬಿಡಲಿಲ್ಲ. ನಿಮ್ಮ ಮರ್ಯಾದೆ ಉಳಿಸಲು ನನ್ನ ಬೆರಳು ಕೊಡುವುದಿಲ್ಲ ಎಂದೆ. ಆ ಮಾತು ಹೆಚ್ಚಾಯಿತು. ಅತ್ತೆ ಜಗಲಿಯ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, ನನಗೆ ಹತ್ತು ವರ್ಷದಲ್ಲಿ ಒಮ್ಮೆಯೂ ಹೇಳದ ಕತೆ ಹೇಳಿದರು.

ನನ್ನ ಗಂಡ ಆಗ ಒಂದು ವರ್ಷದ ಕೂಸು. ಅತ್ತೆ ಕಡಲ ದಡದಲ್ಲಿ ಮೀನು ಹೆಕ್ಕುತ್ತಿದ್ದಾಗ ಕೂಸಿಗೆ ಜ್ವರ ಏರಿ ಫಿಟ್ಸ್ ಬಂತು. ಉಟ್ಟ ಬಟ್ಟೆಯಲ್ಲೇ ಎತ್ತಿಕೊಂಡು ಓಡಿದರು. ದವಾಖಾನೆಯ ಕಂಪೌಂಡರು ಮೂಗು ಮುಚ್ಚಿಕೊಂಡು, ಹೊರಗೆ ಹಲಸಿನ ಮರದ ಬುಡದಲ್ಲಿ ಕೂರು, ಉಳಿದವರದ್ದೆಲ್ಲ ಆಗಲಿ ಎಂದರಂತೆ. ಕೂತರು. ಕೂಸು ಮಡಿಲಲ್ಲಿ ಕಣ್ಣು ಮೇಲೆ ಮಾಡಿಕೊಂಡು ಇತ್ತು. ಬಂದವರೆಲ್ಲ ಹೋದ ಮೇಲೆ ಕರೆದರು. ಕೂಸು ಉಳಿಯಿತು. “ಅವತ್ತಿಂದ ಈ ಮನಿಯರ್ ಯಾರೂ ಮೀಯ್ದೆ ಆಸ್ಪತ್ರಿ ಮೆಟ್ಲ್ ಹತ್ಲಿಲ್ಲೆ” ಎಂದರು ಅತ್ತೆ. ಅವರ ಸಿಟ್ಟೆಲ್ಲ ಯಾರ ಮೇಲಿತ್ತು ಎಂದು ಆವತ್ತು ಅರ್ಥವಾಯಿತು. ಆದರೂ, ನಾಳೆ ಹೋಗುವುದೇ, ಎಂದೆ.

ಬೆಳಿಗ್ಗೆ ಬಂದರಿನಲ್ಲಿ ಒಂದು ಸಣ್ಣ ಡಬ್ಬಿಗೆ ಐಸು ತುಂಬಿಸಿ, ಮೇಲೆ ನಾಲ್ಕು ಬಂಗುಡೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೋದರೆ ಅತ್ತೆ ಅಲ್ಲಿ ಮೊದಲೇ ನಿಂತಿದ್ದರು. ಅವರೂ ಮಿಂದಿರಲಿಲ್ಲ. ಮೊಣಕಾಲಿನವರೆಗೆ ಕಟ್ಟಿದ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಚೀಲ, ಹಾಲಾಡಿಗೆ ಹೊರಟ ವೇಷವೇ. “ಒಬ್ಳೇ ಹೋಪ್ದ್ ಬ್ಯಾಡ” ಎಂದರು. ಬ್ರಹ್ಮಾವರದ ಬಸ್ಸಿನಲ್ಲಿ ಕಂಡಕ್ಟರು ಡಬ್ಬಿಯನ್ನು ಹಿಂದಿನ ಸೀಟಿಗೆ ತಳ್ಳಿದ, ನಮ್ಮನ್ನೂ.

ಬ್ರಹ್ಮಾವರದಲ್ಲಿ ವಾರಕ್ಕೆ ಎರಡು ದಿನ ಒಬ್ಬ ದೊಡ್ಡ ಡಾಕ್ಟರು ಬರುತ್ತಿದ್ದರು. ಕಾಯುವ ಕೋಣೆ ತುಂಬಿತ್ತು. ನಾವು ಒಳಗೆ ಹೋದದ್ದೇ ಒಬ್ಬರು ಸೆರಗು ಮೂಗಿಗೆ ತಂದರು, ಇನ್ನೊಬ್ಬರು ಎದ್ದು ಕಿಟಕಿ ತೆರೆದರು. ಚೀಟಿ ಬರೆಯುವಾತ ಡಬ್ಬಿ ನೋಡಿ, “ಇಲ್ಲಿ ಮೀನು ಮಾರೋ ಹಾಗಿಲ್ಲ” ಎಂದ. ಮಾರಲು ಅಲ್ಲ, ಡಾಕ್ಟರಿಗೆ ತೋರಿಸಲು ಎಂದೆ. “ಮೀನಿಗೆ ಕಾಯಿಲೆಯಾ?” ಎಂದದ್ದಕ್ಕೆ ಕೆಲವರು ನಕ್ಕರು. ಆಮೇಲೆ ಅವನು ಬಾಗಿಲ ಕಡೆ ಕೈ ತೋರಿಸಿದ. “ಸರಿ, ಹೊರಗೆ ಕೂತಿರಿ. ಕೊನೆಗೆ ಕರೀತೇನೆ.”

ಹಾಲಾಡಿಯಲ್ಲಿ ಯಾರಿಗೂ ಹೆದರದ ನಾನು ಅಲ್ಲಿ ಡಬ್ಬಿ ಎತ್ತಿಕೊಂಡು ಹೊರಗೆ ಹೊರಟಿದ್ದೆ. ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು. “ಹ್ವಾಯ್, ನಾವ್ ಹೊರ್ಗ್ ಕೂಕಂತಿಲ್ಲೆ” ಎಂದರು. ಗಟ್ಟಿಯಾಗಿ ಏನಲ್ಲ. “ಹೊರ್ಗ್ ಕೂಕಂಡದ್ದ್ ಸಾಕ್. ಐಸ್ ಕರ್ಗುಕ್ ಮೊದ್ಲ್ ಡಾಕ್ಟ್ರ್ ಕಾಣ್ಕ್. ಕರ್ಗ್ರೆ ನೀವೇ ತಂದ್ಕೊಡಿ.” ಎಂದು ಕುರ್ಚಿ ಎಳೆದು, ಮೂಗು ಮುಚ್ಚಿಕೊಂಡವರ ಪಕ್ಕದಲ್ಲೇ ಕೂತರು. ನನ್ನನ್ನೂ ಕೂರಿಸಿದರು. ಚೀಟಿಯವನು ಒಳಗೆ ಹೋಗಿ ಬಂದು, ನಮ್ಮನ್ನು ಮೂರನೆಯವರಾಗಿ ಕಳಿಸಿದ. ವಾಸನೆ ಬೇಗ ಹೋಗಲಿ ಎಂದಿರಬೇಕು. ಏನೇ ಆಗಲಿ, ಕಳಿಸಿದ.

ಡಾಕ್ಟರು ನಾನು ತಂದಿದ್ದ ಫೈಲು ಬಿಡಿಸಿ ಒಂದೊಂದೇ ಹಾಳೆ ತಿರುವಿದರು. “ಎಲ್ಲ ನಾರ್ಮಲ್ ಇದೆಯಲ್ಲ. ಹುಣ್ಣಿಗೆ ಒಂದು ಔಷಧಿ...” ಎಂದು ಪೆನ್ನು ಎತ್ತಿದರು.

“ಸಾರ್, ದಯಮಾಡಿ ಅದನ್ನು ಮುಚ್ಚಿ” ಎಂದೆ. “ಅದರಲ್ಲಿ ಇಲ್ಲ. ನನಗೆ ಐದು ನಿಮಿಷ ಕೊಡಿ. ಐದು ನಿಮಿಷದಲ್ಲಿ ಏನೂ ಕಾಣಿಸದಿದ್ದರೆ ಇನ್ನು ಯಾವ ಡಾಕ್ಟರ ಹತ್ತಿರವೂ ಬರುವುದಿಲ್ಲ.”

ಅವರು ಏನಾದರೂ ಹೇಳುವ ಮೊದಲೇ ನೆಲದ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದು ಎರಡೂ ಕೈ ಐಸಿನೊಳಗೆ ಹೂತೆ. ಒಂದು ನಿಮಿಷ ಆಯಿತು. ಕೈ ತೆಗೆದು ನೋಡಿದೆ, ಕೆಂಪಗೆ ಇತ್ತು. ಮತ್ತೆ ಹಾಕಿದೆ. ಡಾಕ್ಟರು ಗಡಿಯಾರ ನೋಡಿದರು. ದಿನಾ ಕರೆಯದೆ ಬರುವ ಈ ದರಿದ್ರ ಬಿಳಿ, ಇವತ್ತು ಬರದೇ ಹೋದರೆ? ಒಂಬತ್ತು ವರ್ಷ ಬರಬೇಡ ಎಂದು ಬೇಡಿಕೊಂಡದ್ದನ್ನು ಆವತ್ತು ಬಾ ಬಾ ಎಂದು ಬೇಡಿಕೊಂಡೆ. ಬೆವರುತ್ತಿದ್ದೆ. ಅತ್ತೆ ನನ್ನ ಹಿಂದೆ ನಿಂತು ಉಸಿರು ಬಿಡುವುದೂ ಕೇಳುತ್ತಿತ್ತು.

ಮೂರನೇ ಸಲ ಕೈ ತೆಗೆದಾಗ ತೋರುಬೆರಳು ಸತ್ತಿತ್ತು. ನೋಡುತ್ತಿದ್ದಂತೆ ನಡುಬೆರಳು, ಆಮೇಲೆ ಉಂಗುರ ಬೆರಳು, ಎಡಗೈಯಲ್ಲೂ ಎರಡು. ಗೆರೆ ಎಳೆದ ಹಾಗೆ. ನಾನು ಎರಡೂ ಕೈ ಎತ್ತಿ ಮೇಜಿನ ಮೇಲೆ, ಬಿಡಿಸಿಟ್ಟ ಫೈಲಿನ ಮೇಲೆಯೇ ಇಟ್ಟೆ. ಐಸಿನ ನೀರು ರಿಪೋರ್ಟುಗಳ ಮೇಲೆ ಹರಿಯಿತು.

ಡಾಕ್ಟರು ಕುರ್ಚಿಯಿಂದ ಎದ್ದರು. ಬೆರಳು ಒತ್ತಿದರು, ಉಗುರು ನೋಡಿದರು, ಭೂತಗನ್ನಡಿ ತಂದು ಉಗುರಿನ ಬುಡ ನೋಡಿದರು, ಕರಿ ತುದಿಯನ್ನು ಮೆಲ್ಲಗೆ ಮುಟ್ಟಿದರು. ಮೂಗು ಮುಚ್ಚಿಕೊಳ್ಳಲಿಲ್ಲ, ಅದನ್ನು ನಾನು ಗಮನಿಸಿದೆ. ಚಳಿಗೆ ಬೆರಳಿನ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಬಿಡುತ್ತವೆ, ಬಿಸಿ ತಾಗಿದರೆ ತೆರೆಯುತ್ತವೆ, ತೆರೆದ ಮೇಲೆ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ ಎಂದು ವಿವರಿಸಿದರು. ಅದಕ್ಕೊಂದು ಹೆಸರೂ ಉಂಟಂತೆ, ಯಾರೋ ಪರದೇಶದ ಡಾಕ್ಟರದ್ದು. ಇಷ್ಟು ಹೇಳಿ ಕೊನೆಗೆ ಕೇಳಿದರು: “ಇದನ್ನು ಯಾಕಮ್ಮ ಮೊದಲೇ ಯಾರಿಗೂ ಹೇಳಲಿಲ್ಲ?”

ನನಗೆ ಅಳು ಬಂತು. ಸಂತೋಷಕ್ಕಲ್ಲ, ಸಿಟ್ಟಿಗೆ. “ಹೇಳ್ತಾನೇ ಇದ್ದೇನೆ ಸಾರ್” ಎಂದೆ. “ನಾನು ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಈ ಫೈಲಿನಲ್ಲಿ ನಾರ್ಮಲ್ ಅಂತ ಎಷ್ಟು ಸಲ ಉಂಟು ನೋಡಿ. ಈಗ ಕಣ್ಣಲ್ಲಿ ಕಂಡದ್ದನ್ನೂ ಬರೆಯಿರಿ.” ಅವರು ಒದ್ದೆಯಾಗದ ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಾಲು ಬರೆದರು. ಬರೆದದ್ದನ್ನು ಓದಿ ಹೇಳಿ ಎಂದೆ, ಓದಿ ಹೇಳಿದರು.

ಬಿ.ಪಿ.ಯವರಿಗೆ ಕೊಡುವ ಒಂದು ಮಾತ್ರೆ ನನಗೂ ಸಿಕ್ಕಿತು, ಅದು ನಾಳ ತೆರೆದಿಡುತ್ತದಂತೆ. ಜೊತೆಗೆ, “ಇನ್ನು ಐಸು ಮುಟ್ಟಬಾರದು.” ಮೀನು ಮಾರುವವಳಿಗೆ ಹೇಳುವ ಮಾತಾ ಇದು? ಕೆಲಸ ಉಳಿಸಿಕೊಳ್ಳಲು ಇಷ್ಟು ವರ್ಷ ಅಲೆದು, ಕೊನೆಗೆ ಕೆಲಸ ಬಿಡು ಎನ್ನಿಸಿಕೊಂಡು ಬಂದೆನಲ್ಲ ಎಂದು ಬಸ್ಸಿನಲ್ಲಿ ಗೊಣಗಿದೆ. ಅತ್ತೆ ನನ್ನ ಕೈ ಎರಡನ್ನೂ ತಮ್ಮ ಮಡಿಲಲ್ಲಿ ಇಟ್ಟುಕೊಂಡು ಸೆರಗು ಮುಚ್ಚಿದ್ದರು. “ಐಸಿಗ್ ನಾ ಕೈ ಹಾಕ್ತೆ, ನೀ ತಕ್ಕಡಿ ಹಿಡಿ” ಎಂದರು. ಮರುದಿನದಿಂದ ಹಾಗೇ ಆಯಿತು. ಒಳಗೆ ಉಣ್ಣೆಯದು, ಮೇಲೆ ದಪ್ಪ ರಬ್ಬರಿನದು, ಎರಡೆರಡು ಗ್ಲೌಸು ಹಾಕಿಕೊಂಡು ನಾನು ಕೂತರೆ ಗಿರಾಕಿಗಳು, “ಎಂತ, ಆಪರೇಷನ್ ಇತ್ತಾ ಇವತ್ತ್?” ಎಂದು ಕೇಳುತ್ತಿದ್ದರು. ಹೌದು, ಬಂಗುಡೆಗೆ, ಎನ್ನುತ್ತಿದ್ದೆ. ಗಂಡ ಆ ನಾಲ್ಕು ಸಾಲಿನ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟರು. ನನ್ನ ಮುಖ ನೋಡಲು ಅವರಿಗೆ ವಾರ ಹಿಡಿಯಿತು.

ಉಳಿದ ಬೆರಳುಗಳು ಉಳಿದವು. ತೋರುಬೆರಳ ಕರಿ ತುದಿ ಮಾತ್ರ ಎರಡು ತಿಂಗಳಲ್ಲಿ ಒಣಗಿ ಉದುರಿತು. ಉಗುರು ಅರ್ಧವಾಗಿ, ತುದಿ ಮೊಂಡಾಗಿ ನುಣ್ಣಗಾಯಿತು. ಒಂದು ವರ್ಷ ಮೊದಲು ಬಂದಿದ್ದರೆ ಅದೂ ಉಳಿಯುತ್ತಿತ್ತು ಎಂದು ಡಾಕ್ಟರೇ ಹೇಳಿದರು. ಯಾವ ವರ್ಷ ನಾನು ಹೋಗಿರಲಿಲ್ಲ ಎಂದು ಅವರನ್ನು ಕೇಳಲು ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ನಮ್ಮೂರ ಶಾಲೆಯಲ್ಲಿ ಗುರುತಿನ ಚೀಟಿಗೆ ಬೆರಳಚ್ಚು ತೆಗೆಯುವ ಕ್ಯಾಂಪು ಮಾಡಿದರು. ಸಾಲಿನಲ್ಲಿ ನನ್ನ ಹಿಂದೆ ಅತ್ತೆ. ನನ್ನ ಸರದಿ ಬಂತು. ಗಾಜಿನ ಮೇಲೆ ಬೆರಳು ಇಟ್ಟರೆ ಕಂಪ್ಯೂಟರು ತೋರುಬೆರಳನ್ನು ಹಿಡಿಯಲೇ ಇಲ್ಲ. ಒತ್ತಿ ಎಂದಳು ಕಂಪ್ಯೂಟರಿನ ಮುಂದೆ ಕೂತ ಹುಡುಗಿ, ಒತ್ತಿದೆ. ಒರೆಸಿ ಎಂದಳು, ಒರೆಸಿದೆ. ಪಾಪ, ಮರ್ಯಾದೆಯಿಂದಲೇ ಮಾತಾಡುತ್ತಿದ್ದಳು. ಪರದೆ ನೋಡುತ್ತಲೇ, “ಇದರಲ್ಲಿ ಏನೂ ಕಾಣಿಸ್ತಾ ಇಲ್ಲ ಅಕ್ಕ. ಅಲ್ಲಿ ನಲ್ಲಿ ಉಂಟು, ಒಮ್ಮೆ ಚೆನ್ನಾಗಿ ಕೈ ತೊಳ್ಕೊಂಡು ಬನ್ನಿ” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿದು, ಆ ಮೊಂಡು ಬೆರಳನ್ನು ಹುಡುಗಿಯ ಮುಖದ ಎದುರಿಗೆ ಎತ್ತಿ ಹಿಡಿಯಿತು.

“ತೊಳುದ್ ಬ್ಯಾಡ” ಎಂದರು ಅತ್ತೆ. “ನಾನೇ ತೊಳ್ಸಿ ತೊಳ್ಸಿ ಹೀಂಗ್ ಮಾಡಿಟ್ಟದ್ದ್. ಮಷಿನಿಗ್ ಕಾಣ್ದಿರೆ ನೀನ್ ಕಣ್ಣ್ ಬಿಟ್ಟ್ ಕಾಣ್.”